ವಿದ್ಯಾರ್ಥಿ ಕಲಾಪ್ರದರ್ಶನದ ಚಾರಿತ್ರಿಕ ಮಹತ್ವ: ಲಂಡನ್ನಿನ ‘ಯಂಗ್ ಕಂಟೆಂಪರರೀಸ್’

ಕಲಾಶಾಲೆಯ ತೀರ್ಮಾನವೇ ಕಲಾಚರಿತ್ರೆಯ ತೀರ್ಮಾನವಾಗಬೇಕಿಲ್ಲ ಎಂಬುದಕ್ಕೆ ಲಂಡನ್ನಿನಲ್ಲಿ 1949ರಲ್ಲಿ ಆರಂಭವಾದ ‘ಯಂಗ್ ಕಂಟೆಂಪರರೀಸ್’ ಉತ್ತಮ ನಿದರ್ಶನ. ಬ್ರಿಟನ್ನಿನ ಕಲಾವಿದ್ಯಾರ್ಥಿಗಳು ಕಳುಹಿಸಿದ ಕೃತಿಗಳನ್ನು ಆಯ್ಕೆ ಸಮಿತಿಯೊಂದು ಪರಿಶೀಲಿಸಿ ಪ್ರದರ್ಶನಕ್ಕೆ ಆರಿಸುತ್ತಿತ್ತು. ಪಾಪ್ ಕಲೆಯ ವೈಚಾರಿಕ ಭೂಮಿಕೆಯನ್ನು 1950ರ ದಶಕದಲ್ಲಿಯೇ ‘ಇಂಡಿಪೆಂಡೆಂಟ್ ಗ್ರೂಪ್’ ಸಿದ್ಧಗೊಳಿಸಿತ್ತಾದರೂ, ಅದರ ಹೊಸ ತಲೆಮಾರು ಸಾರ್ವಜನಿಕರ ಗಮನಕ್ಕೆ ಬಂದದ್ದು 1961ರ ಪ್ರದರ್ಶನದಿಂದ. ಡೇವಿಡ್ ಹಾಕ್ನಿ, ಆರ್.ಬಿ. ಕಿಟಾಯ್, ಪೀಟರ್ ಫಿಲಿಪ್ಸ್ ಅವರೊಂದಿಗೆ ಅಲೆನ್ ಜೋನ್ಸ್ ಅವರ ಕೃತಿಗಳೂ ಅಲ್ಲಿದ್ದವು. ಜೋನ್ಸ್ ಅವರನ್ನು ರಾಯಲ್ ಕಾಲೇಜ್ ಆಫ್ ಆರ್ಟ್ 1960ರಲ್ಲಿ ಹೊರಹಾಕಿತ್ತೆಂಬುದು ಇಲ್ಲಿ ಗಮನಾರ್ಹ. ತರಗತಿ ನಿರಾಕರಿಸಿದವರಿಗೆ ಪ್ರದರ್ಶನಾಲಯದ ಗೋಡೆ ಎಡೆಗೊಟ್ಟಿತು. 1974ರಲ್ಲಿ ‘ನ್ಯೂ ಕಂಟೆಂಪರರೀಸ್’ ಎಂದು ಹೆಸರು ಬದಲಾದರೂ ಉದಯೋನ್ಮುಖರಿಗೆ ಎರಡನೆಯ ಪರಾಮರ್ಶೆಯ ಅವಕಾಶ ಕಲ್ಪಿಸುವ ಅದರ ಮೂಲ ಆಶಯ ಉಳಿದುಬಂದಿದೆ. ಇಂತಹ ಪ್ರದರ್ಶನಗಳ ದಾಖಲೆಗಳು ಕಲಾಚರಿತ್ರೆಕಾರರಿಗೆ ಮುಖ್ಯವಾಗುವುದು ಈ ಕಾರಣಕ್ಕಾಗಿಯೇ.