ಬೇಕಲದ ಕೋಟೆಗೆ ಸಖರಾಯಪಟ್ಟಣದ ನಂಟು

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಕಾಸರಗೋಡಿನ ಬೇಕಲ ಕೋಟೆ ನೋಡಲು ಹೋದವರು ಬುರುಜು ಹತ್ತಿ, ಕಡಲಿಗೆ ಮುಖ ಮಾಡಿ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಕೋಟೆ ಕಟ್ಟಿದವರ ಲೆಕ್ಕಾಚಾರ ತಿಳಿಯಬೇಕಾದರೆ ಕಡಲಿಗೆ ಬೆನ್ನು ಹಾಕಿ ಘಟ್ಟದತ್ತ ನೋಡಬೇಕು. 17ನೇ ಶತಮಾನದ ನಡುಭಾಗದಲ್ಲಿ ಇದನ್ನು ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ ಎಂಬುದು ರೂಢಿಯ ಅಭಿಪ್ರಾಯ. ಅವನ ರಾಜಧಾನಿ ಬಿದನೂರು ಇದ್ದದ್ದು ಘಟ್ಟದ ಮೇಲೆ. ಅದೇ ದೊರೆ ಮೂಡಣಕ್ಕೂ ದಂಡೆತ್ತಿ ವಸ್ತಾರೆ, ಸಖರಾಯಪಟ್ಟಣಗಳನ್ನು ಹಿಡಿದ. ಅಲ್ಲಿಗೆ ಸಖರಾಯಪಟ್ಟಣ ಇರುವ ಕಡೂರು ತಾಲ್ಲೂಕಿನ ಕೆರೆಬಯಲೂ ಬೇಕಲದ ಕಡಲತಡಿಯೂ ಒಂದೇ ಗದ್ದುಗೆಯ ಎರಡು ಅಂಚುಗಳಾದವು. ಆಳ್ವಿಕೆ ಘಟ್ಟದ ಮೇಲಿಂದ ನಡೆದದ್ದು ಕೋಟೆಯ ಒಳಗೂ ಕಾಣುತ್ತದೆ. ಸುಮಾರು 40 ಎಕರೆಯ ಆವರಣದಲ್ಲಿ ಅರಮನೆಯೇ ಇಲ್ಲ; ಇರುವುದು ಮೆಟ್ಟಿಲಿಳಿಯುವ ಕೊಳ, ಮದ್ದಿನ ಮನೆ, ಮತ್ತೆ ನಡುವಿನ ಕಾವಲು ಬುರುಜು. ಬುರುಜಿಗೆ ಮೆಟ್ಟಿಲಿನ ಬದಲು ಮದ್ದುಗುಂಡು ಏರಿಸಲು ಅನುವಾದ ಅಗಲವಾದ ಇಳಿಜಾರು ದಾರಿ. ಆಳುವವರು ಬೇರೆಡೆ ಕೂತು ನಡೆಸಿದ ಠಾಣ್ಯವಿದು.

ಕಡಲ ಕಡೆಗೇ ಇಷ್ಟೊಂದು ಕಿಂಡಿಗಳಿರುವಾಗ ಇದನ್ನು ಒಳನಾಡಿನ ಕೋಟೆ ಎನ್ನುವುದು ಹೇಗೆ ಎಂದು ಕೇಳಬಹುದು. ಹಗೆ ಹಡಗಿನಲ್ಲಿ ಬರುತ್ತಿದ್ದ, ಕಿಂಡಿ ಅತ್ತ ತೆರೆದವು, ನಿಜ. ಆದರೆ ಆ ಹಗೆಗಳಾದ ಪೋರ್ಚುಗೀಸರ ದುರ್ಬಲ ಜಾಗ ಇದ್ದದ್ದು ನೆಲದ ಮೇಲೆ. ಗೋವೆಯ ಅನ್ನ ಕೆನರಾದ ಅಕ್ಕಿಯಿಂದ, ಅವರ ಲಾಭ ಘಟ್ಟದ ಕಾಳುಮೆಣಸಿನಿಂದ. 1652–54ರ ನಡುವೆ ಬಸರೂರು, ಹೊನ್ನಾವರ, ಮಂಗಳೂರಿನ ಅವರ ಕೋಟೆಗಳು ಕೆಳದಿಯ ಕೈಸೇರಿದ್ದರ ಹಿಂದೆ ಈ ಅಕ್ಕಿ, ಮೆಣಸಿನ ಮೇಲೆ ಕೆಳದಿಗಿದ್ದ ಹಿಡಿತವಿತ್ತು. ಇನ್ನೊಂದು ತಕರಾರು, ಕೆಳದಿಯವರಿಗೂ ಮೊದಲೇ ಇಲ್ಲಿ ಕೋಲತ್ತಿರಿ ಅರಸರ ಕೋಟೆಯಿತ್ತು ಎಂಬುದು. ಇದ್ದಿರಬಹುದು, ಆಯಕಟ್ಟಿನ ಜಾಗವನ್ನು ಯಾರೂ ಖಾಲಿ ಬಿಡುವುದಿಲ್ಲ. ಆದರೂ ಕೆಳದಿಯವರ ಕಾಲದಲ್ಲಿ ಕಾವಲಿಗೆಂದು ನೆಲೆಗೊಂಡ ರಾಮಕ್ಷತ್ರಿಯರು, ಕನ್ನಡ ಮಾತಿನ ಕೋಟೆಯವರು, ಇಂದಿಗೂ ಬೇಕಲ, ಹೊಸದುರ್ಗದ ಸುತ್ತ ಇದ್ದಾರೆ. ಪಕ್ಕದ ಹೊಸದುರ್ಗದ ಕೋಟೆಯೂ ಕೆಳದಿಯವರದೇ. ಮುಂದೆ ಕೆಳದಿ ಗದ್ದುಗೆಯ ಮೂಡಣ ಅಂಚು ಮೊದಲು ಕಳಚಿತು. 1690ರ ದಶಕದ ಹೊತ್ತಿಗೆ ಚಿಕ್ಕದೇವರಾಜ ಒಡೆಯರು ಕಡೂರು, ಸಖರಾಯಪಟ್ಟಣಗಳನ್ನು ಮೈಸೂರಿಗೆ ಸೇರಿಸಿಕೊಂಡರು. ಪಡುವಣ ಅಂಚು ಇನ್ನೂ ಎರಡು ತಲೆಮಾರು ತಾಳಿತು. 1763ರಲ್ಲಿ ಹೈದರಾಲಿ ಗೆದ್ದದ್ದು ಘಟ್ಟದ ಮೇಲಿನ ಬಿದನೂರನ್ನು. ಕರಾವಳಿಯ ಕೋಟೆಗಳು ಅದರ ಹಿಂದೆಯೇ ಅವನ ಪಾಲಾದವು.