ಮುಳ್ಳು ಮೆಲ್ಲಗೆ ಇಳಿಯಲಿಕ್ಕೆ ಒಂದು ಹನಿ ಎಣ್ಣೆ

ಟೆಂಟ್ ಸಿನಿಮಾ ನೋಡಿದವರಿಗೆ ಆ ಸದ್ದು ಗೊತ್ತು. ಆಟ ಶುರುವಾಗುವ ಮುಂಚೆ ಮೈಕಿನಲ್ಲಿ ಘಂಟಸಾಲ ಅವರ ‘ನಮೋ ವೆಂಕಟೇಶ’ ಬರುತ್ತಿತ್ತು. ಅದಕ್ಕೂ ಮುಂಚೆ ‘ದಡ್’ ಅಂತ ಒಂದು ಸದ್ದು, ಆಮೇಲೆ ಕರಕರ. ಆಪರೇಟರ್ ಕೈಯಿಂದ ಮುಳ್ಳು ಪ್ಲೇಟಿನ ಮೇಲೆ ಬಿದ್ದ ಸದ್ದದು. ನಾವು ಟೆಂಟು ಕಂಡವರಲ್ಲ, ಹಿರಿಯರ ಬಾಯಲ್ಲಿ ಕೇಳಿದವರು.

ಹೋದ ತಿಂಗಳು ನಮ್ಮ ತಾಲ್ಲೂಕಿನ ಹಳೇ ಮೈಕ್‌ಸೆಟ್ ಅಂಗಡಿಗೆ ಸುದ್ದಿ ಮಾಡಲು ಹೋಗಿದ್ದೆವು. ಅಂಗಡಿಯ ತಾತ ಅಟ್ಟದಿಂದ ಒಂದು ಪ್ಲೇಯರ್ ಇಳಿಸಿದರು. ಪಕ್ಕದ ಲಿವರ್ ಒತ್ತಿದರೆ ಮುಳ್ಳು ಹೊತ್ತ ತೋಳು ತಾನೇ ಮೆಲ್ಲಗೆ ಇಳಿಯಬೇಕು. ನಾವು ಒತ್ತಿದೆವು. ಅದು ಇಳಿಯಲಿಲ್ಲ, ಬಿತ್ತು! ತಾತ ಜೋಪಾನ ಮಾಡಿದ್ದ ನಾಟಕದ ಹಾಡುಗಳ ಪ್ಲೇಟಿಗೆ ಗೀರಾಯಿತು. ಅವರ ಹತ್ತಿರ ಇದ್ದದ್ದು ಅದೊಂದೇ ಪ್ರತಿ.

ಮೊದಲ ಕಾಲದ ಪ್ಲೇಟುಗಳಿಗೆ ಈ ನಾಜೂಕು ಬೇಕಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಗ್ರಾಮಫೋನ್ ಕಂಪನಿಯವರು ಮುದ್ರಿಸಿಕೊಂಡರು. (ಇದೇ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ಆ ಪ್ಲೇಟುಗಳು ಅರಗು ಮತ್ತು ಕಲ್ಲುಪುಡಿ ಬೆರೆಸಿ ಮಾಡಿದವು. ಪಾಂಡವರ ಅರಗಿನ ಮನೆಯ ಅದೇ ಅರಗು. ಕೆಳಗೆ ಬಿದ್ದರೆ ಹಪ್ಪಳದಂತೆ ಒಡೆಯುತ್ತಿದ್ದವು, ಆದರೆ ಮೇಲ್ಮೈ ಗಟ್ಟಿ. ಅವುಗಳ ಮೇಲೆ ನೂರು ಗ್ರಾಂಗೂ ಹೆಚ್ಚು ಭಾರ ಹೊತ್ತ ಉಕ್ಕಿನ ಮುಳ್ಳು ಓಡುತ್ತಿತ್ತು. ಒಂದು ಮಗ್ಗುಲು ಮುಗಿದರೆ ಮುಳ್ಳು ಬದಲಿಸಬೇಕಿತ್ತು. ಸವೆಯುತ್ತಿದ್ದದ್ದು ಉಕ್ಕು!

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತು. ಮೂರು ನಿಮಿಷದ ಜಾಗದಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡು. ಅದಕ್ಕಾಗಿ ಪ್ಲೇಟಿನ ವೇಗ ನಿಮಿಷಕ್ಕೆ 78 ಸುತ್ತಿನಿಂದ 33⅓ಕ್ಕೆ ಇಳಿಯಿತು, ಗೆರೆಗಳು ತೀರಾ ಸಣ್ಣಗಾದವು, ಅರಗಿನ ಬದಲು ಮೆತ್ತನೆಯ ವಿನೈಲ್ ಬಂತು. ಮುಳ್ಳಿನ ಭಾರ ಹತ್ತು ಗ್ರಾಂಗಿಂತ ಕೆಳಗೆ ಬಂದು, ಮುಂದೆ ಒಳ್ಳೆಯ ಪ್ಲೇಯರ್‌ಗಳಲ್ಲಿ ಎರಡು ಮೂರು ಗ್ರಾಂಗೆ ಮುಟ್ಟಿತು. ಇಷ್ಟು ಹಗುರದ ವಸ್ತುವಿಗೆ ಮನುಷ್ಯನ ಕೈಯೇ ಭಾರ. ಕೈ ನಡುಗಿದರೆ ಗೆರೆ ಹೋಯಿತು. 1960ರ ದಶಕದಲ್ಲಿ ಇಂಗ್ಲೆಂಡಿನ ಗ್ಯಾರಾರ್ಡ್, ಜರ್ಮನಿಯ ಡ್ಯುಯಲ್ ಪ್ಲೇಯರ್‌ಗಳಲ್ಲಿ ಈ ಲಿವರ್ ಕಾಣಿಸತೊಡಗಿತು.

ಇದರಲ್ಲಿ ಕರೆಂಟಿನ ಕೆಲಸವೇ ಇಲ್ಲ. ತೋಳಿನ ಕೆಳಗೆ ಒಂದು ಪುಟ್ಟ ಕೊಳವೆ, ಅದರೊಳಗೆ ಒಂದು ಕಡ್ಡಿ. ಲಿವರ್ ಎತ್ತಿದರೆ ಕಡ್ಡಿ ಮೇಲೆದ್ದು ತೋಳನ್ನು ಎತ್ತುತ್ತದೆ. ಇಳಿಸಿದರೆ ಸ್ಪ್ರಿಂಗ್ ಕಡ್ಡಿಯನ್ನು ಕೆಳಕ್ಕೆ ಎಳೆಯುತ್ತದೆ. ಅದನ್ನು ತಡೆತಡೆದು ಬಿಡುವುದು ಕೊಳವೆಯೊಳಗಿನ ಮಂದವಾದ ಸಿಲಿಕೋನ್ ಎಣ್ಣೆ. ವರ್ಷಗಳು ಕಳೆದಂತೆ ಅದು ಸೋರಿ ಹೋಗುತ್ತದೆ. ನಮ್ಮ ಪ್ಲೇಯರ್‌ಗೆ ಆಗಿದ್ದೂ ಅದೇ.

ಪ್ಲಗ್ ಕಿತ್ತು, ಮುಳ್ಳಿನ ತಲೆ ಬಿಚ್ಚಿಟ್ಟು ಕೆಲಸಕ್ಕೆ ಕೂತೆವು. ಸ್ಪ್ರಿಂಗ್ ಎಗರಿ ಅಕ್ಕಿ ಮೂಟೆಯ ಹಿಂದೆ ಸೇರಿತು, ಹುಡುಕಲು ಅರ್ಧ ಗಂಟೆ. ಕೊಳವೆಯನ್ನು ಸ್ಪಿರಿಟ್‌ನಲ್ಲಿ ತೊಳೆದು ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟೆವು. ತೋಳು ಮತ್ತೆ ದಡ್. ಸೈಕಲ್ ಗ್ರೀಸ್ ಹಚ್ಚಿದೆವು. ಎದ್ದ ತೋಳು ಮೇಲೆಯೇ ನಿಂತಿತು. “ಗ್ರೀಸು ಚಕ್ರಕ್ಕೆ ಕಣಪ್ಪಾ, ಇದಕ್ಕಲ್ಲ” ಎಂದು ತಾತ ನಕ್ಕರು.

ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದ್ದು ರಿಮೋಟ್ ಆಟಿಕೆ ಕಾರುಗಳ ಗಿಯರಿಗೆ ಹಾಕುವ ಸಿಲಿಕೋನ್ ಎಣ್ಣೆ. ನೀರಿನ ಮಂದ ಒಂದು ಅಂದರೆ ಇದರದ್ದು ಮೂರು ಲಕ್ಷ. ಜೇನುತುಪ್ಪ ಇದರ ಮುಂದೆ ನೀರು. ಕಡ್ಡಿಗೆ ತೆಳ್ಳಗೆ ಸವರಿ ಒಳಗೆ ತೂರಿಸಿದೆವು, ಅಷ್ಟೇ ಸಾಕು. ಇನ್ನೊಂದು ಮಾತು: ಲಿವರ್ ಪೂರ್ತಿ ಇಳಿದಾಗ ಕಡ್ಡಿಯ ಪಟ್ಟಿ ತೋಳಿಗೆ ತಾಗಬಾರದು, ಕೂದಲೆಳೆ ಸಂದು ಬಿಡಬೇಕು. ತಾಗಿದರೆ ಮುಳ್ಳು ಗೆರೆಯಲ್ಲಿ ಕೂರುವುದಿಲ್ಲ. ಎತ್ತರ ಹೊಂದಿಸುವ ಸಣ್ಣ ಸ್ಕ್ರೂ ಅಲ್ಲೇ ಇರುತ್ತದೆ.

ಲಿವರ್ ಒತ್ತಿ ಎಣಿಸಿದೆವು. ಒಂದು, ಎರಡು, ಮೂರು, ನಾಲ್ಕು. ಮುಳ್ಳು ಸದ್ದಿಲ್ಲದೆ ಕೂತಿತು, ಹಾರ್ಮೋನಿಯಂ ಶುರುವಾಯಿತು. ನಾವು ಗೀರು ಮಾಡಿದ ಕಡೆ ಮಾತ್ರ ಈಗಲೂ ಹಾಡು ಜಿಗಿಯುತ್ತದೆ. ತಾತ ಅದಕ್ಕೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಕೇಳಿ, “ಆ ದಡ್ ಇಲ್ದೆ ಆಟ ಶುರುವಾದಂಗೇ ಇಲ್ಲ ನೋಡಿ” ಅಂದರು.