ಊರು ಬಿಟ್ಟ ತಂಡದ ಚರಿತ್ರೆ ಯಾರ ಹೆಸರಿಗೆ?

2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್ ಗೆದ್ದಾಗ ಆ ಗೆಲುವಿಗೆ ಎರಡು ಲೆಕ್ಕ ಹುಟ್ಟಿಕೊಂಡವು. ಊರಿನ ಲೆಕ್ಕದಲ್ಲಿ ಅದು 1924ರ ನಂತರದ ಮೊದಲ ಕಿರೀಟ. ತಂಡದ ಲೆಕ್ಕದಲ್ಲಿ ಹುಟ್ಟಿದಂದಿನಿಂದಲೇ ಮೊದಲನೆಯದು. ಆದರೆ ಆ ತಂಡ ಹುಟ್ಟಿದ್ದು ವಾಷಿಂಗ್ಟನ್‌ನಲ್ಲಲ್ಲ, 1969ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ, ಎಕ್ಸ್‌ಪೋಸ್ ಎಂಬ ಹೆಸರಿನಿಂದ. 1924ರಲ್ಲಿ ಗೆದ್ದ ಸೆನೆಟರ್ಸ್ ತಂಡವೋ 1961ರಲ್ಲಿ ಮಿನೆಸೋಟಕ್ಕೆ ಹೋಗಿ ಟ್ವಿನ್ಸ್ ಎನಿಸಿಕೊಂಡಿತ್ತು. ಎರಡೂ ಲೆಕ್ಕ ನಿಜ. ದಾಖಲೆಗಾರರು ಒಂದನ್ನು ಉಳಿಸಲು ಇನ್ನೊಂದನ್ನು ಅಳಿಸಿದಾಗಲೆಲ್ಲ ಯಾವುದೋ ಒಂದು ಊರಿನ ಜನರಿಗೆ ಅನ್ಯಾಯವಾಗಿದೆ.

1903ರಿಂದ 1952ರವರೆಗೆ ಈ ಪ್ರಶ್ನೆಯೇ ಏಳಲಿಲ್ಲ. ಅರ್ಧ ಶತಮಾನ ಮೇಜರ್ ಲೀಗ್ ತಂಡಗಳು ಊರು ಬದಲಿಸಲಿಲ್ಲ. 1953ರಲ್ಲಿ ಬಾಸ್ಟನ್‌ನ ಬ್ರೇವ್ಸ್ ಮಿಲ್ವಾಕಿಗೆ ಹೊರಟಿತು. 1972ರ ಹೊತ್ತಿಗೆ ಅಂಥ ಹತ್ತು ವಲಸೆಗಳಾದವು. ವಿಮಾನಯಾನ ದೂರವನ್ನು ಕುಗ್ಗಿಸಿತ್ತು, ಪಶ್ಚಿಮದ ನಗರಗಳು ಬೆಳೆದಿದ್ದವು, ಮಾಲೀಕರಿಗೆ ಹೊಸ ಕ್ರೀಡಾಂಗಣ ಬೇಕಿತ್ತು. 1958ರಲ್ಲಿ ನ್ಯೂಯಾರ್ಕ್ ನಗರದಿಂದ ಡಾಜರ್ಸ್, ಜೈಂಟ್ಸ್ ಎರಡೂ ಒಟ್ಟಿಗೇ ಕ್ಯಾಲಿಫೋರ್ನಿಯಾ ಸೇರಿದವು. ಬ್ರೇವ್ಸ್ 1966ರಲ್ಲಿ ಮತ್ತೆ ಗಂಟುಮೂಟೆ ಕಟ್ಟಿ ಅಟ್ಲಾಂಟಾಕ್ಕೆ ಹೋಯಿತು. 1914, 1957, 1995ರ ಅದರ ಕಿರೀಟಗಳು ಮೂರು ಬೇರೆ ಬೇರೆ ಊರಿನವು.

ದಾಖಲೆಯ ಕೆಲಸಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು 1969ರಲ್ಲಿ ಮ್ಯಾಕ್‌ಮಿಲನ್ ಪ್ರಕಟಿಸಿದ ಬೇಸ್‌ಬಾಲ್ ವಿಶ್ವಕೋಶದಿಂದ. ಕಂಪ್ಯೂಟರಿನ ನೆರವಿನಿಂದ ಸಿದ್ಧವಾದ ಆ ದಪ್ಪ ಗ್ರಂಥದಲ್ಲಿ ಆಟಗಾರನ ಪ್ರತಿ ವರ್ಷದ ಸಾಲಿನಲ್ಲೂ ಊರಿನ ಸಂಕ್ಷಿಪ್ತ ಹೆಸರು, ಪಕ್ಕದಲ್ಲಿ ಲೀಗ್‌ನ ಅಕ್ಷರ ಇರುತ್ತಿತ್ತು. ಅಡ್ಡಹೆಸರು ಇರಲಿಲ್ಲ. ಇದು ವಿವೇಕದ ಆಯ್ಕೆಯೆಂದೇ ನನ್ನ ಅಭಿಪ್ರಾಯ. ಹಳೆಯ ಕಾಲದ ಅಡ್ಡಹೆಸರುಗಳು ಅಷ್ಟು ಸ್ಥಿರವಾಗಿರಲಿಲ್ಲ. ಬ್ರೂಕ್ಲಿನ್ ತಂಡವನ್ನು ವಿಲ್ಬರ್ಟ್ ರಾಬಿನ್ಸನ್ ನಡೆಸುತ್ತಿದ್ದಾಗ ಪತ್ರಿಕೆಗಳು ಅದನ್ನು ರಾಬಿನ್ಸ್ ಎಂದೇ ಕರೆದವು. ಆದರೆ ಈ ಪದ್ಧತಿಗೂ ಮಿತಿಯಿತ್ತು. ಹಳೆಯ ಸೆನೆಟರ್ಸ್ ಹೊರಟ 1961ರಲ್ಲೇ ಲೀಗ್ ವಾಷಿಂಗ್ಟನ್ನಿಗೆ ಅದೇ ಹೆಸರಿನ ಹೊಸ ತಂಡವನ್ನು ಕೊಟ್ಟಿತು. ಅದೂ 1972ರಲ್ಲಿ ಟೆಕ್ಸಸ್ ರೇಂಜರ್ಸ್ ಆಯಿತು. ವಿಶ್ವಕೋಶದ ಸಾಲಿನಲ್ಲಿ 1960ರ ವಾಷಿಂಗ್ಟನ್ನಿಗೂ 1961ರ ವಾಷಿಂಗ್ಟನ್ನಿಗೂ ವ್ಯತ್ಯಾಸ ಕಾಣದು. ಅವು ಎರಡು ಬೇರೆ ತಂಡಗಳು.

1989ರಲ್ಲಿ ಡೇವಿಡ್ ಸ್ಮಿತ್ ಆರಂಭಿಸಿದ ರೆಟ್ರೋಶೀಟ್ ಎಂಬ ದಾಖಲೆ ಸಂಸ್ಥೆ ಈ ಗೋಜಲನ್ನು ಬಿಡಿಸಿತು. ಅಲ್ಲಿ ಮೊದಲ ಸೆನೆಟರ್ಸ್‌ಗೆ, ಎರಡನೆಯ ಸೆನೆಟರ್ಸ್‌ಗೆ, ಇಂದಿನ ನ್ಯಾಷನಲ್ಸ್‌ಗೆ ಬೇರೆ ಬೇರೆ ಸಂಕೇತಗಳಿವೆ. ಷಾನ್ ಲಾಮನ್ ದತ್ತಕೋಶ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ರತಿ ತಂಡಕ್ಕೂ ಎರಡು ಗುರುತು ಕೊಟ್ಟಿತು: ಒಂದು ಆ ವರ್ಷದ ತಂಡಕ್ಕೆ, ಇನ್ನೊಂದು ಅದರ ವಂಶಾವಳಿಗೆ. ಎಕ್ಸ್‌ಪೋಸ್ ಎಕ್ಸ್‌ಪೋಸ್ ಆಗಿಯೇ ಉಳಿಯುತ್ತದೆ, ನ್ಯಾಷನಲ್ಸ್ ಜೊತೆಗಿನ ಕೊಂಡಿಯೂ ತಪ್ಪುವುದಿಲ್ಲ. ಈ ಕ್ಷೇತ್ರದಲ್ಲಿ ನಡೆದ ಅತ್ಯಂತ ಮುಖ್ಯ ಕೆಲಸ ಇದೇ ಎಂದು ನಾನು ನಂಬಿದ್ದೇನೆ.

ವಂಶಾವಳಿಯನ್ನು ಬರೆಯುವುದೂ ಸುಲಭವಲ್ಲ. 1901 ಮತ್ತು 1902ರಲ್ಲಿ ಆಡಿದ ಬಾಲ್ಟಿಮೋರ್ ಓರಿಯೋಲ್ಸ್ ತಂಡವೇ 1903ರಲ್ಲಿ ನ್ಯೂಯಾರ್ಕಿಗೆ ಬಂದು ಮುಂದೆ ಯಾಂಕೀಸ್ ಆಯಿತೆಂಬ ಮಾತು ಬಹುಕಾಲ ನಡೆಯಿತು. ವಾಸ್ತವದಲ್ಲಿ 1902ರ ನಡುವೆಯೇ ಓರಿಯೋಲ್ಸ್ ಮ್ಯಾನೇಜರ್ ಜಾನ್ ಮೆಗ್ರಾ ನ್ಯೂಯಾರ್ಕ್ ಜೈಂಟ್ಸ್ ಸೇರಿದ್ದರು, ಆಟಗಾರರೂ ಚದುರಿದ್ದರು, ಲೀಗ್ ತಂಡವನ್ನು ತನ್ನ ಕೈಗೆ ತೆಗೆದುಕೊಂಡಿತ್ತು. ಬೇಸ್‌ಬಾಲ್ ರೆಫರೆನ್ಸ್ ತಾಣ 2014ರಲ್ಲಿ ಈ ಎರಡನ್ನೂ ಬೇರ್ಪಡಿಸಿತು. ಯಾಂಕೀಸ್ ಖಾತೆಯಿಂದ 118 ಗೆಲುವು, 153 ಸೋಲು ಹೊರಬಿದ್ದವು. ನಮ್ಮ ಓದುಗರಿಗೆ ಇದರ ಮಗ್ಗುಲು ಐಪಿಎಲ್‌ನಲ್ಲಿ ಗೊತ್ತು: 2009ರ ಫೈನಲ್‌ನಲ್ಲಿ ಬೆಂಗಳೂರನ್ನು ಸೋಲಿಸಿ ಡೆಕ್ಕನ್ ಚಾರ್ಜರ್ಸ್ ಗೆದ್ದ ಕಪ್ ಅದೇ ಹೈದರಾಬಾದಿನ ಸನ್‌ರೈಸರ್ಸ್ ಖಾತೆಗೆ ಸೇರುವುದಿಲ್ಲ.

ತಂಡಗಳ ನಡವಳಿಕೆಯೂ ಒಂದು ದಾಖಲೆಯೇ. ಡಾಜರ್ಸ್ ಬ್ರೂಕ್ಲಿನ್ನಿನಲ್ಲಿದ್ದಾಗಷ್ಟೇ ಆಡಿದ, ಲಾಸ್ ಏಂಜಲೀಸ್‌ಗಾಗಿ ಒಂದು ಪಂದ್ಯವನ್ನೂ ಆಡದ ಜಾಕಿ ರಾಬಿನ್ಸನ್‌ರ 42ನೇ ಸಂಖ್ಯೆಗೆ ಡಾಜರ್ಸ್ 1972ರಲ್ಲಿ ನಿವೃತ್ತಿ ಕೊಟ್ಟಿತು. ಬ್ರೂಕ್ಲಿನ್ನಿನ ಋಣವನ್ನು ಆ ತಂಡ ಮರೆಯಲಿಲ್ಲ. ನ್ಯಾಷನಲ್ಸ್ ಇದಕ್ಕೆ ವಿರುದ್ಧವಾಗಿ, ಮಾಂಟ್ರಿಯಲ್‌ನಲ್ಲಿ ಗ್ಯಾರಿ ಕಾರ್ಟರ್, ಆಂಡ್ರೆ ಡಾಸನ್, ಟಿಮ್ ರೇನ್ಸ್ ಅವರಿಗಾಗಿ ಎತ್ತಿಟ್ಟ ಸಂಖ್ಯೆಗಳನ್ನು ಹೊಸ ಆಟಗಾರರಿಗೆ ಹಂಚಿತು. ಇದು ನನಗೆ ಇಂದಿಗೂ ನೋವಿನ ಸಂಗತಿ. 2010ರಲ್ಲಿ ಕಾರ್ಟರ್, ಡಾಸನ್ ಹೆಸರುಗಳನ್ನು ವಾಷಿಂಗ್ಟನ್ ಕ್ರೀಡಾಂಗಣದ ಗೌರವ ವಲಯಕ್ಕೆ ಸೇರಿಸಲಾಯಿತು. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಹೆಚ್ಚು ನ್ಯಾಯವಾಗಿ ನಡೆದುಕೊಂಡಿದೆ: 2017ರಲ್ಲಿ ರೇನ್ಸ್ ಅಲ್ಲಿಗೆ ಸೇರಿದ್ದು ಎಕ್ಸ್‌ಪೋಸ್ ಟೋಪಿಯಲ್ಲೇ.

ಊರಿನ ಲೆಕ್ಕವನ್ನೂ ಪರಿಷ್ಕರಿಸಬೇಕಾದ ಕಾಲ ಬಂದಿದೆ. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್, 1920ರಿಂದ 1948ರವರೆಗಿನ, ಕಪ್ಪು ಆಟಗಾರರ ನೀಗ್ರೋ ಲೀಗ್‌ಗಳಿಗೂ ಮೇಜರ್ ಲೀಗ್ ಸ್ಥಾನ ಕೊಟ್ಟಿತು. ಜಾಷ್ ಗಿಬ್ಸನ್ ಆಡಿದ ಹೋಮ್‌ಸ್ಟೆಡ್ ಗ್ರೇಸ್ ಪೆನ್ಸಿಲ್ವೇನಿಯಾದ ತಂಡ; 1940ರ ದಶಕದಲ್ಲಿ ಅದರ ಎಷ್ಟೋ ತವರು ಪಂದ್ಯಗಳು ನಡೆದದ್ದು ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ. ಅದು 1943, 1944, 1948ರಲ್ಲಿ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿತು. ಹಾಗಿರುವಾಗ 1924ರಿಂದ 2019ರವರೆಗೆ ವಾಷಿಂಗ್ಟನ್ ಬರಿಗೈಯಲ್ಲಿತ್ತು ಎಂದು ಬರೆಯುವುದು ಆ ನಗರದ ಕಪ್ಪು ಪ್ರೇಕ್ಷಕರನ್ನು ಚರಿತ್ರೆಯಿಂದ ಹೊರಗಿಟ್ಟಂತೆ.

ಈಗ ಎದುರಿಗಿರುವುದು ಅಥ್ಲೆಟಿಕ್ಸ್. ಫಿಲಡೆಲ್ಫಿಯಾ, ಕಾನ್ಸಸ್ ಸಿಟಿ ದಾಟಿ 1968ರಿಂದ 57 ಋತು ಓಕ್ಲೆಂಡಿನಲ್ಲಿದ್ದ ಈ ತಂಡ ಲಾಸ್ ವೇಗಸ್‌ಗೆ ಹೋಗುವ ಯೋಜನೆ ಹಾಕಿಕೊಂಡು, 2025ರಿಂದ ವೆಸ್ಟ್ ಸ್ಯಾಕ್ರಮೆಂಟೋದಲ್ಲಿ ಆಡುತ್ತಿದೆ. ಹೆಸರಿನಲ್ಲಿ ಯಾವ ಊರನ್ನೂ ಹಾಕಿಕೊಂಡಿಲ್ಲ. ತಂಡ ತನ್ನನ್ನು ಕರೆದುಕೊಂಡ ಹೆಸರನ್ನೇ ಬರೆಯಬೇಕೆಂಬ ನಿಯಮ ಪಾಲಿಸಿದರೆ ಊರಿನ ಜಾಗ ಖಾಲಿ ಉಳಿಯುತ್ತದೆ. ಹೆಸರಿನ ಅಂಕಣವನ್ನು ಹಾಗೆಯೇ ಬಿಡಲಿ. ಆದರೆ ತವರು ನೆಲದ ಅಂಕಣದಲ್ಲಿ ವೆಸ್ಟ್ ಸ್ಯಾಕ್ರಮೆಂಟೋ ಎಂದು ಪ್ರತಿ ಋತುವಿಗೂ ತಪ್ಪದೆ ನಮೂದಾಗಬೇಕು. ಟಿಕೆಟ್ ಕೊಂಡು ಆ ಆಟ ನೋಡಿದವರು ಅಲ್ಲಿನ ಜನ.